ಏನು ಕೊಡಲಿ ನಿಮಗೆ

ಆ ವರ್ಷ ಏಪ್ರಿಲ್ ಮಳೆ ಶುರುವಾಗುವ ಹೊತ್ತಿಗೆ ನಾನು ಆಗಲೇ ದಣಿದುಹೋಗಿದ್ದೆ. ರಾತ್ರಿ ಚೆನ್ನಾಗಿ ನಿದ್ದೆ ಬಂದರೂ ಬೆಳಿಗ್ಗೆ ಏಳುವಾಗ ಅದೇ ಭಾರ. ಆಸ್ಪತ್ರೆಯಲ್ಲಿ ಜೊತೆಯ ಇಬ್ಬರು ಡಾಕ್ಟರುಗಳು ಕೆಲಸ ಬಿಟ್ಟಿದ್ದರು. ಅವರ ರೋಗಿಗಳು ಉಳಿದವರ ಪಾಲಿಗೆ ಬಂದಿದ್ದರು. ಗಂಡನ ಟೆಲಿಕಾಂ ಕಂಪನಿಯವರು ಅವರನ್ನು ಇನ್ನೊಂದು ಅವಧಿಗೆ ನೈರೋಬಿಯಲ್ಲೇ ಉಳಿಸಿಕೊಂಡಿದ್ದರು. ಮೈಸೂರಿಗೆ ವಾಪಸು ಹೋಗುವ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮಗಳ ಡಬ್ಬಿಗೆ ಏನು, ಗಂಡನಿಗೆ ಊಟ ಕಟ್ಟಬೇಕೋ ಬೇಡವೋ ಎಂದು ಕೇಳುವುದರಿಂದ ನನ್ನ ದಿನ ಶುರುವಾಗುತ್ತಿತ್ತು. ಆಮೇಲೆ ವಾರ್ಡಿನಲ್ಲಿ ಎಲ್ಲಿ ನೋವು, ಯಾವಾಗಿನಿಂದ, ರಾತ್ರಿ ನಿದ್ದೆ ಬಂತಾ. ಸಂಜೆಯ ಹೊತ್ತಿಗೆ ನನ್ನ ದನಿ ನನಗೇ ಸಾಕಾಗಿರುತ್ತಿತ್ತು.

ಅಂಥ ಹೊತ್ತಿನಲ್ಲಿ ಲ್ಯಾವಿಂಗ್ಟನ್ ಬಡಾವಣೆಯ ಒಂದು ಕಾನ್ವೆಂಟ್ ಮನೆಗೆ ಹೋಗುವ ಕೆಲಸವೂ ಬಂತು. ವಯಸ್ಸಾದ ಸಿಸ್ಟರುಗಳು ಇರುವ ಮನೆ ಅದು. ಅಲ್ಲಿಗೆ ಹೋಗುತ್ತಿದ್ದ ಡಾಕ್ಟರು ಮೊಂಬಾಸಾಕ್ಕೆ ಹೊರಟಾಗ, ವಾರಕ್ಕೆರಡು ಮಧ್ಯಾಹ್ನ ಒಂದು ಸುತ್ತು ನೋಡಿ ಬಾ ಎಂದು ನನ್ನನ್ನು ಕೇಳಿಕೊಂಡರು. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ. ಇಲ್ಲವೆಂದರೆ ಅದಕ್ಕೆ ಕಾರಣ ಕೊಡಬೇಕಾಗುತ್ತಿತ್ತು. ಅದಕ್ಕಿಂತ ಹೋಗಿಬರುವುದೇ ಸುಲಭ ಎನಿಸಿತು.

ಅಲ್ಲಿ ನನಗಾಗಿ ಕಾಯುತ್ತಿದ್ದವರು ಸ್ಪೇನ್ ದೇಶದ ಒಬ್ಬ ಹಿರಿಯ ಸಿಸ್ಟರ್. ಹರೆಯದಲ್ಲೇ ಕೀನ್ಯಾಕ್ಕೆ ಬಂದು, ಬೆಟ್ಟದ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಲೇ ಮುದುಕಿಯಾದವರು. ಇಂಗ್ಲಿಷು, ಸ್ವಾಹಿಲಿ, ಕಿಕುಯು ಮೂರನ್ನೂ ನೀರು ಕುಡಿದ ಹಾಗೆ ಮಾತಾಡುತ್ತಿದ್ದರಂತೆ. ಮಳೆಯ ಆರಂಭದಲ್ಲಿ ಒಂದು ಬೆಳಿಗ್ಗೆ ಪ್ರಾರ್ಥನೆಗೆ ಹೋಗುವಾಗ ಕುಸಿದುಬಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತೂ ಹೋಯಿತು ಎಂದುಕೊಂಡಿದ್ದಾಗ ಎರಡು ವಾರ ಕಳೆದು ಸ್ವಲ್ಪ ಸ್ವಲ್ಪವಾಗಿ ವಾಪಸು ಬಂತು. ಆದರೆ ಬಂದದ್ದು ಸ್ಪ್ಯಾನಿಷ್ ಮಾತ್ರ. ಇಡೀ ಮನೆಯಲ್ಲಿ ಆ ಭಾಷೆ ಬಲ್ಲವರು ಯಾರೂ ಉಳಿದಿರಲಿಲ್ಲ.

ಅವರನ್ನು ನೋಡಿಕೊಳ್ಳುತ್ತಿದ್ದವರು ಮಂಗಳೂರಿನ ಕಡೆಯ ಒಬ್ಬ ಸಿಸ್ಟರ್. ಕೊಂಕಣಿ ಮನೆಮಾತು, ನಾನು ಮೈಸೂರಿನವಳೆಂದು ಗೊತ್ತಾದ ಕೂಡಲೇ ಕನ್ನಡಕ್ಕೆ ತಿರುಗಿದರು. ಮೊದಲ ದಿನವೇ ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಹೇಳಿದರು.

"ನೀರು ಕುಡಿಯುದೇ ಇಲ್ಲ ಡಾಕ್ಟ್ರೇ. ಲೋಟ ಹತ್ರ ತಂದ್ರೆ ನಮ್ಮ ಕಡೆಗೇ ದೂಡ್ತಾರೆ. ಗಂಜಿ ಎರಡು ಚಮಚ ಹೋಗ್ತದೆ, ಅಷ್ಟೇ. ಎಂತದೋ ಕೇಳ್ತಾರೆ, ನಮಗೆ ಗೊತ್ತಾಗುದಿಲ್ಲ."

ನಾನು ನೋಡಿದೆ. ನಾಲಿಗೆ ಒಣಗಿತ್ತು, ಕೈಯ ಚರ್ಮವನ್ನು ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ರಕ್ತನಾಳಗಳು ದಾರದಷ್ಟು ತೆಳ್ಳಗಿದ್ದವು. ಆಸ್ಪತ್ರೆಯಲ್ಲಿ ಎರಡು ಸಲ ಡ್ರಿಪ್ ಹಾಕಿ ಕಳಿಸಿದ್ದರು; ಸೂಜಿ ಚುಚ್ಚಿದಲ್ಲೆಲ್ಲ ನೀಲಿಗಟ್ಟಿತ್ತು. ನುಂಗುವುದು ಕಷ್ಟವಾದ್ದರಿಂದ ಏನು ಕೊಟ್ಟರೂ ಒಂದು ಪುಡಿ ಬೆರೆಸಿ, ರಾಗಿ ಗಂಜಿಯ ಹದಕ್ಕೆ ತಂದು ಕೊಡಬೇಕು. ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಅವರು ನನ್ನ ಮುಖ ನೋಡಿದರು. ಎಡಗೈಯಿಂದ ಮುಂದಿದ್ದ ಊಟದ ಮೇಜಿನ ಹಲಗೆಯನ್ನು ಒರೆಸುವಂತೆ ಮಾಡಿ, ಹುಬ್ಬು ಏರಿಸಿ ಕೇಳಿದರು, "ಕೆ ಲೆ ಪೊಂಗೊ?"

ನೋವಿದೆ ಎನ್ನುತ್ತಿದ್ದಾರೆಯೋ ಏನೋ ಎಂದು ಹೊಟ್ಟೆ ಒತ್ತಿ ನೋಡಿದೆ, ತಲೆ ಮುಟ್ಟಿ ನೋಡಿದೆ. ಅವರು ಸಹನೆಯಿಂದ ಒತ್ತಿಸಿಕೊಂಡು, ಮತ್ತೆ ಅದನ್ನೇ ಕೇಳಿದರು. ನಾನು ಉತ್ತರ ಕೊಡದೆ ಎದ್ದಾಗ ಅವರ ಮುಖ ಸಪ್ಪಗಾಯಿತು. ಹೊರಡುವ ಮುಂಚೆ, ಇನ್ನೇನೂ ತೋಚದೆ, ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ನಮ್ಮ ಮಗಳು ಶಾಲೆಯಲ್ಲಿ ಸ್ಪ್ಯಾನಿಷ್ ತೆಗೆದುಕೊಂಡಿದ್ದಳು. ಫ್ರೆಂಚ್ ಟೀಚರು ಸ್ಟ್ರಿಕ್ಟು ಎಂಬುದಷ್ಟೇ ಅದಕ್ಕೆ ಕಾರಣ. ಅವಳು ಹುಟ್ಟಿದ್ದು ಮೈಸೂರಿನಲ್ಲಾದರೂ ಬೆಳೆದದ್ದೆಲ್ಲ ಇಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಕಾರಿನಲ್ಲಿ ಅವಳಿಗೆ ಆ ರೆಕಾರ್ಡಿಂಗ್ ಕೇಳಿಸಿದೆ. ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು, ಎರಡು ಸಲ ಕೇಳಿ, ನಕ್ಕಳು. ಹೋಟೆಲಿನಲ್ಲಿ ವೇಟರು ಬಂದು ಕೇಳುವ ಮಾತಂತೆ ಅದು. ನಿಮಗೇನು ಕೊಡಲಿ, ಅಷ್ಟೇ. ಅವರ ಪುಸ್ತಕದಲ್ಲಿ ಕಾಫಿ ಹೋಟೆಲಿನ ಪಾಠ ಒಂದಿತ್ತು, ಅದರಲ್ಲಿ ಇದೇ ಮಾತು ಇತ್ತು.

ಮರುದಿನ ಇದನ್ನು ಫೋನಿನಲ್ಲಿ ಹೇಳಿದಾಗ ಮಂಗಳೂರಿನ ಸಿಸ್ಟರ್ ಒಂದು ಹಳೆಯ ಸಂಗತಿ ನೆನಪು ಮಾಡಿಕೊಂಡರು. ಹಿರಿಯ ಸಿಸ್ಟರಿನ ತಂದೆ ಸ್ಪೇನಿನಲ್ಲಿ ರೈಲು ನಿಲ್ದಾಣದ ಎದುರು ಒಂದು ಸಣ್ಣ ಅಂಗಡಿ ಇಟ್ಟಿದ್ದರಂತೆ. ಆ ದೇಶದಲ್ಲಿ ಕಾಫಿ, ಹಾಲು, ಹಣ್ಣಿನ ರಸ, ವೈನು ಎಲ್ಲ ಒಂದೇ ಕಟ್ಟೆಯ ಮೇಲೆ ಸಿಗುತ್ತದೆ. ತಾಯಿ ಬೇಗ ಹೋದ್ದರಿಂದ, ಕಟ್ಟೆ ಎಟುಕದ ವಯಸ್ಸಿನಲ್ಲೇ ಪೆಟ್ಟಿಗೆಯ ಮೇಲೆ ನಿಂತು ಶುರುಮಾಡಿ, ಮಠ ಸೇರುವವರೆಗೂ ಈಕೆಯೇ ಗಿರಾಕಿಗಳಿಗೆ ಕೊಡುತ್ತಿದ್ದರು. ಹಬ್ಬದ ದಿನಗಳಲ್ಲಿ ಇತರ ಸಿಸ್ಟರುಗಳಿಗೆ ಅದನ್ನು ತಮಾಷೆಯಾಗಿ ಹೇಳುತ್ತಿದ್ದರಂತೆ. ಅಂದರೆ ಈಗ ಅವರು ಆ ಅಂಗಡಿಯಲ್ಲಿದ್ದರು. ಲೋಟವನ್ನು ನಮ್ಮ ಕಡೆಗೆ ದೂಡುತ್ತಿದ್ದುದು ಬೇಡವೆಂದಲ್ಲ, ಅದು ಗಿರಾಕಿಯದು ಎಂದು.

ಹೀಗೆ ನಾನು ನಲವತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿಯಲು ಕುಳಿತೆ. ಕುಳಿತೆ ಎಂದರೆ, ಮಗಳನ್ನು ಶಾಲೆಗೆ ಬಿಡುವ ದಾರಿಯ ಟ್ರಾಫಿಕ್ಕಿನಲ್ಲಿ. ಪಕ್ಕದಲ್ಲಿ ಮಟಾಟು ವ್ಯಾನು ಹಾರ್ನ್ ಹೊಡೆಯುತ್ತಿರುವಾಗ ಅವಳು ಹೇಳಿಕೊಡುವಳು, ನಾನು ಸ್ಟೀರಿಂಗ್ ಹಿಡಿದು ಒಪ್ಪಿಸುವೆ. ನೀರಿಗೆ ಅಗುವಾ. ಹಾಲಿಗೆ ಲೆಚೆ. ಹಾಲು ಹಾಕಿದ ಕಾಫಿಗೆ ಕಫೆ ಕೊನ್ ಲೆಚೆ. ಟೀಗೆ ಬರೀ ತೆ. ಕಿತ್ತಳೆ ರಸ ಎಂದರೆ ಹೂಗೊ ದೆ ನರಾಂಹಾ. ನಾರಂಗಿಯೇ ಅಲ್ಲಿಯವರೆಗೆ ಹೋಗಿದೆ ಎಂದು ನನಗೆ ಖುಷಿಯಾಯಿತು. ಕಪ್ಪು ಕಾಫಿಗೆ ತಿಂತೊ. ನಾನು ತಿಂತೊ ಎಂದಾಗಲೆಲ್ಲ ನನಗೆ ಯಾವುದೋ ಹಸು ಹುಲ್ಲು ತಿಂತು ಎಂದ ಹಾಗೆ ಕೇಳಿಸುತ್ತಿತ್ತು. ಮಗಳು ಕಣ್ಣು ಮೇಲೆತ್ತಿ, "ಅಮ್ಮಾ, ಪ್ಲೀಸ್" ಎನ್ನುತ್ತಿದ್ದಳು. ಎಷ್ಟೋ ತಿಂಗಳ ನಂತರ ನಾವಿಬ್ಬರೂ ಆ ದಾರಿಯಲ್ಲಿ ಮಾತಾಡುತ್ತಿದ್ದೆವು ಎಂಬುದು ನನಗೆ ಆಗ ತಕ್ಷಣ ಹೊಳೆಯಲಿಲ್ಲ.

ಮುಂದಿನ ಸಲ ಕುರ್ಚಿಯಲ್ಲಿ ಕುಳಿತು, ಅವರು ಹುಬ್ಬೇರಿಸಿ ಕೇಳಿದ ಕೂಡಲೇ ನಾನು ಧೈರ್ಯ ಮಾಡಿ, "ಉನ್ ತಿಂತೊ, ಪೊರ್ ಫವೋರ್" ಎಂದೆ.

ಹಿರಿಯ ಸಿಸ್ಟರ್ ನನ್ನನ್ನು ದಿಟ್ಟಿಸಿದರು. ಗೋಡೆಯ ಗಡಿಯಾರ ನೋಡಿದರು. ಮತ್ತೆ ನನ್ನ ಕೊರಳಲ್ಲಿದ್ದ ಸ್ಟೆತೊಸ್ಕೋಪ್ ನೋಡಿದರು. ಆಮೇಲೆ ಎಡಗಡೆಯ ಅರ್ಧ ಮುಖದಲ್ಲಿ ನಗು ಎದ್ದು, ಭುಜ ಕುಲುಕಿ, ಗಂಟಲಿನಿಂದ ದನಿ ಬರುವಂತೆ ನಕ್ಕರು. ಪಾರ್ಶ್ವವಾಯು ಬಡಿದ ಮೇಲೆ ಅವರು ನಕ್ಕಿದ್ದನ್ನು ತಾವು ನೋಡಿದ್ದು ಅದೇ ಮೊದಲು ಎಂದು ಮಂಗಳೂರಿನ ಸಿಸ್ಟರ್ ಆಮೇಲೆ ಹೇಳಿದರು. ಯಾಕೆ ನಕ್ಕರೆಂದು ಗೊತ್ತಾದದ್ದು ಮಗಳು ತನ್ನ ಟೀಚರನ್ನು ಕೇಳಿದ ಮೇಲೆ. ಆ ಟೀಚರು ಕೊಲಂಬಿಯಾದವರು. ಅವರ ದೇಶದಲ್ಲಿ ತಿಂತೊ ಎಂದರೆ ಕಪ್ಪು ಕಾಫಿ. ಸ್ಪೇನಿನಲ್ಲಿ ಕೆಂಪು ವೈನು. ನಾನು ಕಾನ್ವೆಂಟಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಕೆಲಸದ ನಡುವೆ, ವೈನು ಕೇಳಿದ್ದೆ. ರಸಕ್ಕೆ ಹೂಗೊ ಎನ್ನುವುದೂ ಅಲ್ಲಿ ನಡೆಯುವುದಿಲ್ಲ, ಥೂಮೊ ಎನ್ನಬೇಕು ಎಂದು ಹಿರಿಯ ಸಿಸ್ಟರೇ ನನ್ನನ್ನು ತಿದ್ದಿದರು, ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ತೋರಿಸಿ. ಬಿದ್ದುಹೋದ ತುಟಿಯಿಂದ ಅವರು ಪಾಠ ಮಾಡುವುದನ್ನು ನೋಡಿದಾಗ, ಶಾಲೆಯಲ್ಲಿ ಹೇಗಿದ್ದಿರಬಹುದು ಎಂದು ಊಹೆಯಾಯಿತು.

ಆದರೆ ಅವರು ಏನೂ ಕುಡಿಯದ ಸಮಸ್ಯೆ ಅಷ್ಟಕ್ಕೇ ಬಗೆಹರಿಯಲಿಲ್ಲ. ನಾನು ಕಾಫಿ ಹೇಳುವೆ. ಮಂಗಳೂರಿನ ಸಿಸ್ಟರ್ ಎರಡು ಕಪ್ಪು ತಂದಿಡುವರು, ಒಂದು ಮಾಮೂಲಿ, ಇನ್ನೊಂದು ಪುಡಿ ಬೆರೆಸಿ ಗಟ್ಟಿ ಮಾಡಿದ್ದು. ಹಿರಿಯ ಸಿಸ್ಟರ್ ಎರಡನ್ನೂ ಒಂದೊಂದಾಗಿ ನನ್ನ ಮುಂದೆ ಸರಿಸಿ, ಕೈ ಮಡಿಲಲ್ಲಿಟ್ಟುಕೊಂಡು ನಾನು ಕುಡಿಯುವುದನ್ನು ನೋಡುತ್ತಿದ್ದರು. ಕೆಲಸದಲ್ಲಿರುವವರು ಗಿರಾಕಿಯ ಎದುರಿಗೆ ಕುಡಿಯುವುದುಂಟೇ. ಮಗಳು ಮತ್ತೆ ಟೀಚರನ್ನು ಕೇಳಿ ಒಂದು ಮಾತು ತಂದಳು. ಇನ್ವಿತೊ ಯೊ. ಇದು ನನ್ನ ಲೆಕ್ಕಕ್ಕೆ, ನೀವೂ ತಗೊಳ್ಳಿ ಎಂದು ಅರ್ಥ. ಗಿರಾಕಿ ಹಾಗೆ ಕರೆದರೆ ಅಂಗಡಿಯವರು ಬೇಡವೆನ್ನುವುದು ಮರ್ಯಾದೆಯಲ್ಲವಂತೆ.

ನಾನು ಅದನ್ನು ಹೇಳಿದೆ. ಹಿರಿಯ ಸಿಸ್ಟರ್ ಬಚ್ಚಲಿನ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಒಳಗೆ ಅಪ್ಪ ಇದ್ದಾರೆಯೋ ಎಂಬಂತಿತ್ತು ಆ ನೋಟ. ಆಮೇಲೆ ಗಟ್ಟಿ ಕಾಫಿಯ ಕಪ್ಪನ್ನು ಎಡಗೈಯಲ್ಲಿ ತಮ್ಮ ಕಡೆಗೆ ಎಳೆದುಕೊಂಡು, ಮಂಗಳೂರಿನ ಸಿಸ್ಟರ್ ಚಮಚದಲ್ಲಿ ಕೊಟ್ಟಷ್ಟನ್ನೂ ನಿಧಾನಕ್ಕೆ ನುಂಗಿ, ಕಪ್ಪು ಖಾಲಿ ಮಾಡಿದರು. ಮಂಗಳೂರಿನ ಸಿಸ್ಟರ್ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ಹಾಗೇ ಕುಳಿತಿದ್ದೆ. ನನಗೆ ಆಗ ಅನಿಸಿದ್ದು ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಿಡುಗಡೆ, ಇವತ್ತು ಆ ಸೂಜಿ ಹಿಡಿಯಬೇಕಾಗಿಲ್ಲವಲ್ಲ ಎಂದು.

ಅಲ್ಲಿಂದ ಮುಂದೆ ಮನೆಯವರೆಲ್ಲ ಕಲಿತುಕೊಂಡರು. ಅಡುಗೆ ಮಾಡುವಾಕೆ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕುಳಿತು ಲೆಚೆ ಕೇಳುತ್ತಿದ್ದಳು. ಇತರ ಮುದುಕಿ ಸಿಸ್ಟರುಗಳು ಕೋಲೂರಿಕೊಂಡು ಬಂದು ಥೂಮೊ ಕೇಳಿ, ಇನ್ವಿತೊ ಯೊ ಎನ್ನುತ್ತಿದ್ದರು. ಮೇ ಕೊನೆಯ ಹೊತ್ತಿಗೆ ಹಿರಿಯ ಸಿಸ್ಟರಿನ ನಾಲಿಗೆ ಒದ್ದೆಯಾಗಿತ್ತು, ಕಣ್ಣಲ್ಲಿ ಹೊಳಪು ಬಂದಿತ್ತು.

ನಾನು ಬರಬೇಕಾಗಿಲ್ಲದ ದಿನಗಳಲ್ಲೂ ಬರತೊಡಗಿದೆ. ಹತ್ತು ನಿಮಿಷ, ಕೆಲವೊಮ್ಮೆ ಇಪ್ಪತ್ತು. ಕಾರು ನಿಲ್ಲಿಸಿ, ಆ ಕುರ್ಚಿಯಲ್ಲಿ ಕುಳಿತು, ಒಬ್ಬರು ನನ್ನ ಮುಖ ನೋಡಿ ನಿನಗೇನು ಬೇಕು ಎಂದು ಕೇಳುವುದನ್ನು ಕೇಳಿಸಿಕೊಳ್ಳಲು. ಮನೆಗೆ ತಡವಾಗಿ ಬರುವುದು ಹೆಚ್ಚಾದಾಗ ಗಂಡ ಒಂದು ಸಂಜೆ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೇಳಿದರು, "ಕಾಫಿ ಕುಡಿಯೋಕೆ ಲ್ಯಾವಿಂಗ್ಟನ್‌ವರೆಗೂ ಹೋಗ್ಬೇಕಾ? ಮನೇಲಿ ಸಿಗಲ್ವಾ?" ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಸಿಗುತ್ತೆ, ನಾನೇ ಮಾಡ್ಕೋಬೇಕಲ್ಲ ಎಂದೆ. ಅವರು ನಕ್ಕರು. ನಾನೂ ನಕ್ಕು ಬೇಳೆ ತೊಳೆಯಲು ಹೋದೆ.

ಜೂನಿನಲ್ಲಿ ಒಂದು ದಿನ ನನ್ನ ವಾರ್ಡಿನಲ್ಲಿ ಒಬ್ಬ ತಾಯಿ ತೀರಿಕೊಂಡಳು. ನನಗಿಂತ ಚಿಕ್ಕವಳು. ಅವಳ ಮನೆಯವರಿಗೆ ಹೇಳಿ, ಅವರು ನನಗೇ "ಪೋಲೆ, ಡಾಕ್ಟಾರಿ" ಎಂದು ಸಮಾಧಾನ ಹೇಳಿದ್ದನ್ನು ಕೇಳಿಸಿಕೊಂಡು, ಲ್ಯಾವಿಂಗ್ಟನ್ನಿಗೆ ಬಂದೆ. ಹಿರಿಯ ಸಿಸ್ಟರ್ ಎಂದಿನಂತೆ ಮೇಜಿನ ಹಲಗೆ ಒರೆಸಿ ಕೇಳಿದರು. ನನಗೆ ಒಂದು ಪದವೂ ನೆನಪಿಗೆ ಬರಲಿಲ್ಲ. ಅಗುವಾ ಕೂಡ ಬರಲಿಲ್ಲ. ಅವರು ಕಾದರು. ಕೊನೆಗೆ ನಾನು ಕನ್ನಡದಲ್ಲೇ, "ತುಂಬಾ ಸುಸ್ತಾಗಿದೆ ಸಿಸ್ಟರ್" ಎಂದೆ. ಅವರಿಗೆ ಅದು ಅರ್ಥವಾಗುವಂತಿರಲಿಲ್ಲ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ತಾವೇ ತೀರ್ಮಾನ ಮಾಡಿದವರಂತೆ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು, "ಮಂಥನೀಯಾ."

ಅದೇನೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಮಗಳಿಗೆ ಮೆಸೇಜ್ ಮಾಡಿದೆ. ಕ್ಲಾಸಿನಲ್ಲಿದ್ದವಳು ಗುಟ್ಟಾಗಿ ಉತ್ತರ ಕಳಿಸಿದಳು. ಒಂದು ಬಿಳಿ ಹೂವನ್ನು ಒಣಗಿಸಿ ಮಾಡುವ ಕಷಾಯದಂಥ ಟೀ, ಹೊಟ್ಟೆ ಕೆಟ್ಟಾಗ, ನಿದ್ದೆ ಬಾರದಾಗ ಕುಡಿಯುತ್ತಾರೆ. ಅಡುಗೆಮನೆಯ ಕಪಾಟಿನ ಹಿಂದೆ ಯಾರೋ ತಂದಿಟ್ಟ ಅದೇ ಹೂವಿನ ಕ್ಯಾಮೊಮೈಲ್ ಟೀ ಚೀಲಗಳಿದ್ದವು. ಮಂಗಳೂರಿನ ಸಿಸ್ಟರ್ ಮಾಡಿ ತಂದರು. ನನಗೆ ಅದರ ರುಚಿ ಹಿಡಿಸಲಿಲ್ಲ, ಒಣಹುಲ್ಲಿನ ವಾಸನೆ. ಆದರೂ ಅವರು ನೋಡುತ್ತಿದ್ದುದರಿಂದ ಪೂರ್ತಿ ಕುಡಿದೆ. ಕುಡಿಯುತ್ತ ಅತ್ತೆ. ಅವರು ಹಲಗೆಯನ್ನು ಇನ್ನೊಮ್ಮೆ ಒರೆಸಿದರು, ಅಷ್ಟೇ. ಅಳುವ ಗಿರಾಕಿಗಳನ್ನು ಅವರು ಹಿಂದೆಯೂ ನೋಡಿದ್ದಿರಬೇಕು.

ಜುಲೈ ಚಳಿಗೆ ಅವರಿಗೆ ಕೆಮ್ಮು ಶುರುವಾಯಿತು. ಪ್ರತಿ ಚಮಚದ ನಂತರ ಕೆಮ್ಮು, ಆಮೇಲೆ ಜ್ವರ. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಕೆಳಭಾಗದಲ್ಲಿ ಕರಕರ ಸದ್ದು. ಗಟ್ಟಿ ಮಾಡಿ ಕೊಟ್ಟರೂ ಪಾನೀಯ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಔಷಧಿಗೆ ಒಮ್ಮೆ ಗುಣವಾಗಿ, ಹತ್ತು ದಿನದಲ್ಲಿ ಮತ್ತೆ ಬಂತು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ, ಬಾಯಿಗೆ ಏನೂ ಕೊಡಬೇಡ ಎಂದು ಆಸ್ಪತ್ರೆಯ ಜೊತೆಯವರು ಹೇಳಿದರು. ಪುಸ್ತಕದ ಪ್ರಕಾರ ಅದೇ ಸರಿ. ನಾನು ಅದನ್ನು ಮಂಗಳೂರಿನ ಸಿಸ್ಟರಿಗೆ ವರಾಂಡದಲ್ಲಿ ನಿಂತು ವಿವರಿಸಿದೆ.

"ಟ್ಯೂಬ್ ಹಾಕಿದ್ರೆ ಎಷ್ಟು ಸಮಯ ಇರ್ತಾರೆ ಡಾಕ್ಟ್ರೇ?" ಎಂದು ಅವರು ಕೇಳಿದರು.

"ಹೇಳೋಕಾಗಲ್ಲ ಸಿಸ್ಟರ್. ಕೆಲವು ತಿಂಗಳು ಇರಬಹುದು. ಆದರೆ ಟ್ಯೂಬನ್ನ ಎಳೆದುಹಾಕ್ತಾರೆ. ಎಡಗೈ ಕಟ್ಟಬೇಕಾಗಬಹುದು."

"ಬಾಯಿಗೇ ಕೊಟ್ರೆ?"

"ಮತ್ತೆ ಎದೆಗೆ ಹೋಗುತ್ತೆ. ಒಂದು ಸಲ ನಮ್ಮ ಕೈಮೀರುತ್ತೆ."

ಅವರು ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆಗಳನ್ನು ನೋಡುತ್ತ ನಿಂತರು. ಆಮೇಲೆ ಹೇಳಿದರು, "ಕೈ ಕಟ್ಟುದು ಬೇಡ ಡಾಕ್ಟ್ರೇ. ಇರುದು ಒಂದೇ ಕೈ. ಅದರಲ್ಲೇ ಅಲ್ವಾ ಅವರು ನಮಗೆ ಕೊಡುದು."

ಮನೆಯ ಮುಖ್ಯಸ್ಥೆ, ಕೀನ್ಯಾದವರೇ ಆದ ಒಬ್ಬ ಸಿಸ್ಟರ್, ನಮ್ಮಿಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಕೇಳಿ, ಸ್ಪೇನಿನಲ್ಲಿರುವ ಮಠದ ಮೇಲಧಿಕಾರಿಗಳೊಂದಿಗೂ ಫೋನಿನಲ್ಲಿ ಮಾತಾಡಿ, ಟ್ಯೂಬ್ ಬೇಡವೆಂದರು. ಅಪಾಯ ಗೊತ್ತಿದ್ದೇ ಬಾಯಿಗೆ ಕೊಡುವುದೆಂದಾಯಿತು. ಅವರು ಕೇಳಿದಷ್ಟು, ನುಂಗಿದಷ್ಟು. ನಾನು ಅದಕ್ಕೆ ಒಪ್ಪಿದೆ. ಅದು ಸರಿಯೇ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಕೊನೆಯ ವಾರಗಳಲ್ಲಿ ದನಿ ಹೋಯಿತು. ಆದರೂ ಯಾರಾದರೂ ಕುರ್ಚಿಯಲ್ಲಿ ಕುಳಿತರೆ ತುಟಿ ಅಲುಗಿ, ಹುಬ್ಬು ಏರುತ್ತಿತ್ತು. ನಾವು ಹೇಳುತ್ತಿದ್ದೆವು. ಅವರ ಪಾಲಿಗೆ ಈಗ ಅರ್ಧ ಚಮಚ ಹಾಲು, ಕೆಲವೊಮ್ಮೆ ತುಟಿಗೆ ಹತ್ತಿಯಲ್ಲಿ ಒತ್ತಿದ ಕಿತ್ತಳೆ ರಸ. ಆಗಸ್ಟಿನ ಒಂದು ಬೆಳಿಗ್ಗೆ ನಾನು ಓಪಿಡಿಯಲ್ಲಿದ್ದಾಗ ಫೋನು ಬಂತು. ಎದುರಿಗೆ ಕುಳಿತಿದ್ದ ರೋಗಿಗೆ ಬರೆಯುತ್ತಿದ್ದ ಮಾತ್ರೆ ಬರೆದು ಮುಗಿಸಿ, ಅವರನ್ನು ಕಳಿಸಿ, ಆಮೇಲೆ ಬಾಗಿಲು ಹಾಕಿಕೊಂಡೆ.

ಮಣ್ಣು ಮಾಡುವ ದಿನ ಬೆಟ್ಟದ ಕಡೆಯಿಂದ ಹಳೆಯ ವಿದ್ಯಾರ್ಥಿನಿಯರು ಎರಡು ಮಟಾಟು ತುಂಬಾ ಬಂದಿದ್ದರು. ಅವರಲ್ಲಿ ಹೆಚ್ಚಿನವರು ತಾವೇ ಅಜ್ಜಿಯರಾದವರು. ಅವರು ಹೇಳಿದ ಸಿಸ್ಟರ್ ಬೇರೆಯೇ. ಸ್ಕೇಲು ಹಿಡಿದು ನಿಲ್ಲುತ್ತಿದ್ದವರು, ತಪ್ಪು ಲೆಕ್ಕಕ್ಕೆ ಇಡೀ ಪುಟ ಹರಿದುಹಾಕುತ್ತಿದ್ದವರು, ಮಳೆಗಾಲದಲ್ಲಿ ಸೇತುವೆ ಮುಳುಗಿದಾಗ ಹುಡುಗಿಯರನ್ನು ಹೆಗಲ ಮೇಲೆ ದಾಟಿಸಿದವರು. ಅವರಲ್ಲೊಬ್ಬಾಕೆ ಮಂಗಳೂರಿನ ಸಿಸ್ಟರಿನ ಕೈ ಹಿಡಿದು, ಕೊನೆಗೆ ಏನು ಹೇಳಿದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಾವುದಾದರೂ ಪ್ರಾರ್ಥನೆಯನ್ನು ನಿರೀಕ್ಷಿಸಿದ್ದಳೋ ಏನೋ. ಸಿಸ್ಟರ್ ನನ್ನ ಕಡೆ ಒಮ್ಮೆ ನೋಡಿ, ಇದ್ದದ್ದನ್ನೇ ಹೇಳಿದರು, ನಮಗೆ ಏನು ಬೇಕು ಎಂದು ಕೇಳಿದರು ಎಂದು. ಆಕೆ ಸೆರಗಿನಂತೆ ಹೊದ್ದಿದ್ದ ಕಾಂಗಾ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ರೈಲು ನಿಲ್ದಾಣದ ಎದುರಿನ ಅಂಗಡಿಯ ಕಥೆಯನ್ನು ನಾವಿಬ್ಬರೂ ಹೇಳಲಿಲ್ಲ.

ಆಮೇಲೆ ಮರದ ಕೆಳಗೆ ದೊಡ್ಡ ಫ್ಲಾಸ್ಕುಗಳಲ್ಲಿ ಚಹಾ ಇಟ್ಟಿದ್ದರು, ಹಾಲು ಸಕ್ಕರೆ ಎಲ್ಲ ಮೊದಲೇ ಹಾಕಿದ್ದು. ಸಾಲಿನಲ್ಲಿ ನಿಂತು ತೆಗೆದುಕೊಂಡೆ. ಮಧ್ಯಾಹ್ನ ಓಪಿಡಿ ಇತ್ತು, ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ.

ಲ್ಯಾವಿಂಗ್ಟನ್ನಿನ ಆ ಮನೆಗೆ ಈಗಲೂ ಹೋಗುತ್ತೇನೆ. ಬೇರೆ ಸಿಸ್ಟರುಗಳಿದ್ದಾರೆ, ಬಿ.ಪಿ. ಇದೆ, ಮಂಡಿ ನೋವಿದೆ. ಸೆಪ್ಟೆಂಬರಿನಲ್ಲಿ ಮಗಳು ಸ್ಪ್ಯಾನಿಷ್ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಳು. ಟೈಮ್‌ಟೇಬಲ್‌ನಲ್ಲಿ ಎರಡೂ ಒಂದೇ ಹೊತ್ತಿಗೆ ಬರುತ್ತಿತ್ತು. ಅವಳು ಅದನ್ನು ಕಾರಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ, ನಾನು ಏನಾದರೂ ಅಂದೇನೆಂದು ಕಾಯುತ್ತ ಹೇಳಿದಳು. ನಾನು ಸರಿ ಎಂದೆ. ಮುಂದಿನ ಸಿಗ್ನಲ್ ಹಸಿರಾಗಲು ಇನ್ನೂ ಹೊತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಹಸಿರಾದಾಗ ಅವಳೇ ಮೊಣಕೈ ಮುಟ್ಟಿ ಎಚ್ಚರಿಸಿದಳು.